ಭಾನುವಾರದ ಸುತ್ತಾಟ: ಹತ್ತೋದು, ಇಳಿಯೋದು

ಎಲ್ಲರಿಗೂ ನಮಸ್ಕಾರ. ಲಂಡನ್‌ನಂಥ ಊರಲ್ಲಿ ಒಂದೇ ಟಿಕೆಟ್‌ನಲ್ಲಿ ಬೇಕಾದಲ್ಲಿ ಇಳಿದು ಮುಂದಿನ ಟೂರ್ ಬಸ್ ಹತ್ತಬಹುದು. ಶಿವಮೊಗ್ಗದಲ್ಲಿ ನಮಗೆ ತೀರ್ಥಹಳ್ಳಿ ಬಸ್ಸೇ ಗತಿ. ಪ್ರತಿ ಸಲ ಬೇರೆ ಟಿಕೆಟ್, ಚಿಲ್ಲರೆ ಇಟ್ಟುಕೊಳ್ಳಿ.

ಮೊದಲು ಸಕ್ರೆಬೈಲು ಆನೆ ಬಿಡಾರ, ಸುಮಾರು 14 ಕಿ.ಮೀ. ಆನೆಗಳ ಸ್ನಾನ ಬೆಳಿಗ್ಗೆ ಮಾತ್ರ, ಆಮೇಲೆ ಅವು ಕಾಡಿಗೆ ಹೊರಡುತ್ತವೆ. ಹಾಗಾಗಿ 7.30ಕ್ಕೆ ಬಸ್ ಸ್ಟ್ಯಾಂಡ್‌ನಲ್ಲಿರಿ. ಹೋದ ಸಲ ನಾನು ತಿಂಡಿ ಅಂತ ಕೂತು, ಬರೀ ಒದ್ದೆ ನೆಲ ನೋಡಿ ಬಂದೆ! ವಾಪಸ್ ಬರುವಾಗ ಗಾಜನೂರಿನಲ್ಲಿ ಇಳಿದು ತುಂಗಾ ಅಣೆಕಟ್ಟು. ಮಧ್ಯಾಹ್ನ ಸಾಗರ ರಸ್ತೆಯ ತ್ಯಾವರೆಕೊಪ್ಪ ಸಿಂಹಧಾಮ. ಅಲ್ಲಿ ಮಂಗಳವಾರ ರಜೆ, ನಮಗೆ ತೊಂದರೆಯಿಲ್ಲ.

ಅಕ್ಕಂದಿರೇ, ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್‌ಗೆ ಮಾತ್ರ. ತೀರ್ಥಹಳ್ಳಿ ದಾರಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅಲ್ವಾ? ಕೊಡೆ ಮರೆಯಬೇಡಿ.