ಸಮುದ್ರ ಸೇರುವ ನೀರಿಗೆ ‘ವ್ಯರ್ಥ’ ಅನ್ನಬೇಡಿ

ಸನ್ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಕುಮಟಾದಿಂದ ನಮಸ್ಕಾರಗಳು.

ಅಘನಾಶಿನಿ ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಬಂದಾಗಲೆಲ್ಲ ಒಂದು ಪದ ಕೇಳಿಬರುತ್ತದೆ: ನೀರು ಸುಮ್ನೆ ಸಮುದ್ರಕ್ಕೆ ಹೋಗಿ ‘ವ್ಯರ್ಥ’ವಾಗುತ್ತಿದೆ ಅಂತ. ಆ ಒಂದು ಪದಕ್ಕಾಗಿಯೇ ಈ ಪತ್ರ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಹೊಳೆ ಇದು. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸಿಂಗಳೀಕಗಳಿರುವ ಕಾಡು ದಾಟಿ ತದಡಿಯ ಹತ್ತಿರ ಕಡಲು ಸೇರುತ್ತದೆ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅಣೆಕಟ್ಟು ಕಟ್ಟಿಸಿಕೊಂಡ ಕಾಳಿ, ಶರಾವತಿ ಹೊಳೆಗಳನ್ನು ಕಂಡವರಿಗೆ ಇದು ಎಂಥ ಭಾಗ್ಯ ಅಂತ ಗೊತ್ತು.

ಒಮ್ಮೆ ಕಡಲ ನೀರಿಳಿತದ ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಗೆ ಬನ್ನಿ. ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತು ಕಾಲಿನಿಂದಲೇ ಕೆಸರು ತಡಕುತ್ತಿರುತ್ತಾರೆ. ಬೆರಳಿಗೆ ಬಳಚು ಅನ್ನುವ ಚಿಪ್ಪುಜೀವಿ ತಾಗಿತೋ, ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. ದೋಣಿ ಇಲ್ಲದವರಿಗೂ ಅಂದಿನ ಸಾರು, ಅಂದಿನ ದುಡ್ಡು ಅಲ್ಲೇ ಸಿಗುತ್ತದೆ. ಆ ಬಳಚು ಬದುಕುವುದು ಸಿಹಿನೀರು, ಉಪ್ಪುನೀರು ಹದವಾಗಿ ಬೆರೆತರೆ ಮಾತ್ರ. ಶರಾವತಿಯ ಅಳಿವೆಗೆ ವಿದ್ಯುತ್ ಮನೆಗಳಿಂದ ವರ್ಷವಿಡೀ ಸಿಹಿನೀರು ಬರತೊಡಗಿ ಹದ ಕೆಟ್ಟಿತು. ಅಲ್ಲಿ ಬಳಚು ತೀರಾ ಕಡಿಮೆಯಾಯಿತು. ಸಿಹಿನೀರು ಜಾಸ್ತಿಯಾದರೇ ಹೀಗೆ. ಇಲ್ಲಿ ಅದೇ ಕಡಿಮೆಯಾದರೆ ಉಪ್ಪೇರದೆ ಇರುತ್ತದೆಯೇ?

ಅಳಿವೆಯಂಚಿನ ಉಪ್ಪುನೆಲವಾದ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತದ್ದೂ ಇದೇ ಕಥೆ. ಮಳೆಗಾಲದಲ್ಲಿ ಹೊಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆಯೇ ಬಿತ್ತನೆ. ಆಮೇಲೆ ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ತಾಳಿಕೊಳ್ಳುವ ಗಟ್ಟಿ ತಳಿ ಅದು. ಆದರೆ ಉಪ್ಪು ತೊಳೆಯುವ ಕೆಲಸವನ್ನು ಹೊಳೆಯೇ ಮಾಡಬೇಕು, ಅಲ್ವಾ?

2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಹೆಮ್ಮೆಪಟ್ಟೆವು. ಅಳಿವೆಯನ್ನು ಕಾಪಾಡುತ್ತೇವೆ ಅಂತ ಹೇಳಿ, ಅದಕ್ಕೆ ಬರುವ ನೀರನ್ನು ಮೇಲೆಯೇ ತಿರುಗಿಸಿದರೆ ಆ ಮಾನ್ಯತೆ ಬರೀ ಬೋರ್ಡಿನಲ್ಲಿ ಉಳಿಯುತ್ತದೆ.

ಬಯಲುಸೀಮೆಯವರ ಬಾಯಾರಿಕೆ ನಮಗೂ ಅರ್ಥವಾಗುತ್ತದೆ, ಸ್ವಾಮಿ. ಅವರ ಕೆರೆಗಳ ಹೂಳು ತೆಗೆಸಿ, ನಾವೂ ನಿಮ್ಮ ಪರ ನಿಲ್ಲುತ್ತೇವೆ.

ಕೇಳುವುದು ಇಷ್ಟೇ. ಈ ಹೊಳೆಯ ಯಾವುದೇ ಯೋಜನೆಗೆ ಸಹಿ ಬೀಳುವ ಮೊದಲು ಅದರ ಪೂರ್ತಿ ವರದಿ ಕನ್ನಡದಲ್ಲಿ ಪಂಚಾಯತಿಗೆ ಬರಲಿ. ಘಟ್ಟದ ಮೇಲೂ ಕೆಳಗೂ ಗ್ರಾಮಸಭೆ ನಡೆಯಲಿ. ಅಳಿವೆಯ ಊರುಗಳಲ್ಲಿ ಸಭೆಯನ್ನು ಭರತದ, ಅಂದರೆ ನೀರೇರಿದ ಹೊತ್ತಿಗೆ ಇಡಿ. ನೀರಿಳಿದಾಗ ಇಟ್ಟರೆ ಬಳಚು ತೆಗೆಯುವವರು ಬರಲಾರರು, ಅವರು ಹೊಳೆಯಲ್ಲಿರುತ್ತಾರೆ.

ಇಂತಿ,
ಅಘನಾಶಿನಿ ದಡದ ಒಬ್ಬ ಮತದಾರ