ಬ್ಯಾಕಪ್ ಡಿಸ್ಕ್ ತುಂಬಿತೆಂದು ಹೊಸದನ್ನು ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದ ರೈಸ್ ಮಿಲ್ಲುಗಳು, ದಲಾಲಿ ಅಂಗಡಿಗಳು, ಗೊಬ್ಬರದ ಅಂಗಡಿಗಳು ತಮ್ಮ ಲೆಕ್ಕಪತ್ರವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿ ಬಹಳ ವರ್ಷಗಳಾದವು. ಆ ಲೆಕ್ಕದ ನಕಲು ಬೇರೆ ಕಡೆಯೂ ಇರಲೆಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ತಾನಾಗಿಯೇ ಬ್ಯಾಕಪ್ ಆಗುವಂತೆ ಹೊಂದಿಸಿಕೊಂಡವರೂ ಈಗ ಕಡಿಮೆಯೇನಿಲ್ಲ. ಆದರೆ ಒಂದು ಟೆರಾಬೈಟಿನ, ಅಂದರೆ ಸುಮಾರು ಸಾವಿರ ಜಿಬಿಯ, ಡಿಸ್ಕ್ ಕೆಲವೇ ತಿಂಗಳಲ್ಲಿ ತುಂಬಿಹೋಗುತ್ತಿದೆ ಎಂಬ ದೂರು ಈ ಭಾಗದಲ್ಲಿ ಲೆಕ್ಕ ಬರೆದುಕೊಡುವ ನನ್ನಂಥವರ ಕಿವಿಗೆ ಪದೇ ಪದೇ ಬೀಳುತ್ತಿದೆ. ಅಂಗಡಿಯವರನ್ನು ಕೇಳಿದರೆ, ಎರಡು ಟೆರಾಬೈಟಿನದು ತೆಗೆದುಕೊಳ್ಳಿ ಎನ್ನುತ್ತಾರೆ. ಅದೂ ತುಂಬಿದರೆ ನಾಲ್ಕರದು. ಕಾರಣ ಹುಡುಕದೆ ಡಿಸ್ಕ್ ಬದಲಿಸುವ ಈ ಪದ್ಧತಿಯಿಂದ ಹಣವಂತೂ ಹೋಗುತ್ತದೆ. ಅದಕ್ಕಿಂತ ಗಂಭೀರವಾದದ್ದು, ತುಂಬಿದ ಡಿಸ್ಕಿನಲ್ಲಿ ಬೇಕಾದ ಲೆಕ್ಕ ಇದೆಯೇ ಎಂದು ಯಾರೂ ತೆರೆದು ನೋಡದಿರುವುದು.

ಮಧ್ಯಮ ಗಾತ್ರದ ಒಂದು ಮಿಲ್ಲಿನ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಬರೆದ ಇಡೀ ವರ್ಷದ ಲೆಕ್ಕ ಸಾಮಾನ್ಯವಾಗಿ ಕೆಲವು ನೂರು ಎಂಬಿಯಿಂದ ಒಂದೆರಡು ಜಿಬಿಯೊಳಗೆ ಮುಗಿಯುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಲೆಕ್ಕದ ಸಾಫ್ಟ್‌ವೇರಿನಲ್ಲಿ ಉಳಿಸಿಕೊಳ್ಳಬೇಕಾದ ಕಾರಣ ಈ ಗಾತ್ರ ಸ್ವಲ್ಪ ಹೆಚ್ಚಿರಬಹುದು. ಆದರೂ ಅದು ಟೆರಾಬೈಟಿನ ಮಾತಲ್ಲ. ಹಾಗಾದರೆ ಡಿಸ್ಕ್ ತುಂಬಿಸುತ್ತಿರುವುದು ಯಾವುದು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ವಿಂಡೋಸ್ 8ರ ಜೊತೆಗೆ 2012ರಲ್ಲಿ ಬಂದ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ವ್ಯವಸ್ಥೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾವು ಯಾವ ಸೆಟ್ಟಿಂಗನ್ನೂ ಮುಟ್ಟದಿದ್ದರೆ ಅದು ಗಂಟೆಗೊಮ್ಮೆ ನೋಡುತ್ತದೆ, ಬದಲಾದ ಫೈಲುಗಳನ್ನು ನಕಲು ಮಾಡುತ್ತದೆ, ಮತ್ತು ಹಳೆಯ ನಕಲುಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಅದು ಫೈಲಿನಲ್ಲಿ ಬದಲಾದ ಭಾಗವನ್ನಷ್ಟೇ ಅಲ್ಲ, ಇಡೀ ಫೈಲನ್ನೇ ಮತ್ತೊಮ್ಮೆ ನಕಲು ಮಾಡುತ್ತದೆ ಎಂಬುದನ್ನು. ಎರಡು ಪುಟದ ಪತ್ರವಾದರೆ ಇದರಿಂದ ತೊಂದರೆ ಇಲ್ಲ. ಆದರೆ ಔಟ್‌ಲುಕ್ ಎಂಬ ಇ-ಮೇಲ್ ಸಾಫ್ಟ್‌ವೇರ್ ಬಳಸುವ ಹಲವು ಕಚೇರಿಗಳಲ್ಲಿ ಹತ್ತು ವರ್ಷದ ಇ-ಮೇಲ್ ಎಲ್ಲವೂ ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ ಕೂತಿರುತ್ತದೆ, ಮತ್ತು ಅದು ಫೈಲ್ ಹಿಸ್ಟರಿ ನೋಡುವ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೇ ಇರುವುದು ಸಾಮಾನ್ಯ. ಅದರ ಗಾತ್ರ 12 ಜಿಬಿ ಎಂದು ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಒಂದು ಮೇಲ್ ಬಂದರೂ, ಸಂಜೆ ಔಟ್‌ಲುಕ್ ಮುಚ್ಚಿದ ಮೇಲೆ ಬರುವ ಸರದಿಯಲ್ಲಿ 12 ಜಿಬಿಯೂ ಹೊಸದಾಗಿ ಡಿಸ್ಕಿಗೆ ಹೋಗುತ್ತದೆ. ತಿಂಗಳಿಗೆ 25 ಕೆಲಸದ ದಿನಗಳೆಂದರೂ 300 ಜಿಬಿ ಆಯಿತು. ಒಂದು ಟೆರಾಬೈಟ್ ಎಂದು ಮಾರುವ ಡಿಸ್ಕನ್ನು ವಿಂಡೋಸ್ ತನ್ನ ಎಣಿಕೆಯಲ್ಲಿ 931 ಜಿಬಿ ಎಂದಷ್ಟೇ ತೋರಿಸುತ್ತದೆ. ಅದು ಮೂರು ತಿಂಗಳಿನಲ್ಲಿ ತುಂಬುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿ ಡಿಸ್ಕಿನ ದೋಷವೂ ಇಲ್ಲ, ವೈರಸ್ಸೂ ಇಲ್ಲ.

ಇದನ್ನು ಕಣ್ಣಾರೆ ಕಾಣಲು ಡಿಸ್ಕನ್ನು ತೆರೆದು, ಫೈಲ್ ಹಿಸ್ಟರಿಯ ಫೋಲ್ಡರಿನೊಳಗೆ ಇಳಿದು, ಅಲ್ಲಿನ ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿದರೆ ಸಾಕು. ಒಂದೇ ಹೆಸರಿನ ಫೈಲು, ಪ್ರತಿಯೊಂದರ ಮುಂದೆ ಆವರಣದಲ್ಲಿ ಬೇರೆ ಬೇರೆ ದಿನಾಂಕ ಮತ್ತು ಗಂಟೆ, ಸಾಲಾಗಿ ನಿಂತಿರುತ್ತವೆ. ಆ ಗಂಟೆಯನ್ನು ನೋಡಿ ಗಾಬರಿಯಾಗುವವರೂ ಇದ್ದಾರೆ: ಬೆಳಗಿನ 5 ಗಂಟೆಗೆ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಕೂತವರು ಯಾರು ಎಂದು ಗುಮಾಸ್ತರನ್ನು ವಿಚಾರಿಸಿದ ಮಾಲೀಕರನ್ನು ನಾನು ಬಲ್ಲೆ. ಅಲ್ಲಿ ಬರೆದಿರುವುದು ಯುಟಿಸಿ ಎಂಬ ಜಾಗತಿಕ ಸಮಯ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ ಇರುತ್ತದೆ. ಅಲ್ಲಿನ 5 ಎಂದರೆ ನಮ್ಮ ಹತ್ತೂವರೆ, ಅಂದರೆ ಗುಮಾಸ್ತರು ಚಹಾ ಮುಗಿಸಿ ಕೆಲಸಕ್ಕೆ ಕೂತ ಹೊತ್ತು.

ನಮ್ಮ ಭಾಗದಲ್ಲಿ ಇದಕ್ಕಿಂತಲೂ ಹೆಚ್ಚಾಗಿ ಕಾಣುವ ಕಾರಣ ಬೇರೆಯದು. ಟ್ಯಾಲಿಯಲ್ಲಿ ಅದರದೇ ಬ್ಯಾಕಪ್ ಸೌಲಭ್ಯವಿದೆ. ಶಿಸ್ತಿನ ಗುಮಾಸ್ತರು ದಿನವೂ ಸಂಜೆ ಆ ದಿನಾಂಕದ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ, ಅದರೊಳಗೆ ಟ್ಯಾಲಿಯ ಬ್ಯಾಕಪ್ ಇಟ್ಟು ಮನೆಗೆ ಹೋಗುತ್ತಾರೆ. ರಾತ್ರಿ ತಾನಾಗಿ ನಡೆಯುವ ಬ್ಯಾಕಪ್ ಆ ಫೋಲ್ಡರನ್ನೂ ಹೊಸ ಸಾಮಗ್ರಿಯೆಂದೇ ತಿಳಿದು ಡಿಸ್ಕಿಗೆ ಒಯ್ಯುತ್ತದೆ. ನಕಲಿನ ನಕಲು ಹೀಗೆ ಬೆಳೆಯುತ್ತದೆ. ಕೆಲವೆಡೆ ವಾರಕ್ಕೊಮ್ಮೆ ಇಡೀ ಡಿ ಡ್ರೈವಿನ ಪೂರ್ಣ ಬ್ಯಾಕಪ್ ಮಾಡುವ ಏರ್ಪಾಡೂ ಇರುತ್ತದೆ. ಆಗ ಕಳೆದ ವರ್ಷದ ಮುನ್ನೂರು ದಿನಗಳ ಟ್ಯಾಲಿ ನಕಲುಗಳು ಪ್ರತಿ ವಾರವೂ ಮತ್ತೆ ಮತ್ತೆ ಡಿಸ್ಕ್ ಸೇರುತ್ತವೆ. ಗುಮಾಸ್ತರ ಶಿಸ್ತನ್ನು ಇಲ್ಲಿ ತಪ್ಪೆನ್ನಲು ಬರುವುದಿಲ್ಲ. ಒಬ್ಬರು ಮಾಡಿದ ಏರ್ಪಾಡು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದೇ ಸಮಸ್ಯೆ: ಕಂಪ್ಯೂಟರ್ ಜೋಡಿಸಿಕೊಟ್ಟವರು ಒಬ್ಬರು, ಟ್ಯಾಲಿ ಕಲಿಸಿದವರು ಮತ್ತೊಬ್ಬರು. ಟ್ಯಾಲಿಯ ನಕಲುಗಳಲ್ಲಿ ಕಳೆದ ಹತ್ತು ದಿನಗಳದ್ದನ್ನೂ ಪ್ರತಿ ತಿಂಗಳ ಕೊನೆಯ ದಿನದ್ದನ್ನೂ ಉಳಿಸಿಕೊಂಡು ಉಳಿದವನ್ನು ತೆಗೆಯುವುದು ನನ್ನ ಸಲಹೆ.

ಏಪ್ರಿಲ್ ತಿಂಗಳಲ್ಲಿ ಬ್ಯಾಕಪ್ ಏಕಾಏಕಿ ದೊಡ್ಡದಾಯಿತು ಎನ್ನುವವರು ತಮ್ಮ ಫೋಲ್ಡರುಗಳ ಹೆಸರನ್ನು ನೋಡಬೇಕು. ಹೊಸ ಆರ್ಥಿಕ ವರ್ಷ ಬಂದಿತೆಂದು ಹಿಂದಿನ ವರ್ಷದ ಫೋಲ್ಡರಿನ ಹೆಸರು ಬದಲಿಸಿದರೆ ಅಥವಾ ಅದನ್ನು ‘ಹಳೆಯದು’ ಎಂಬ ಫೋಲ್ಡರಿನೊಳಗೆ ಸರಿಸಿದರೆ, ಹೆಚ್ಚಿನ ಬ್ಯಾಕಪ್ ಸಾಫ್ಟ್‌ವೇರುಗಳು ಅದರೊಳಗಿನ ಎಲ್ಲವನ್ನೂ ಹೊಸದೆಂದೇ ಎಣಿಸುತ್ತವೆ. ಡಿಸ್ಕನ್ನು ಬೇರೆ ಪೋರ್ಟಿಗೆ ಸಿಕ್ಕಿಸಿದಾಗ ಅದರ ಅಕ್ಷರ ಇ ಹೋಗಿ ಎಫ್ ಆದರೆ, ಅಕ್ಷರವನ್ನೇ ನಂಬಿದ ಕೆಲವು ಸಾಫ್ಟ್‌ವೇರುಗಳು ಹಳೆಯ ಬ್ಯಾಕಪ್ ಕಾಣದೆ ಮೊದಲಿನಿಂದ ಶುರುಮಾಡುತ್ತವೆ. ಬ್ಯಾಕಪ್ ನಡೆಯುವಾಗ ಕರೆಂಟ್ ಹೋಗಿ ಅರ್ಧಕ್ಕೆ ನಿಂತರೂ ಆ ಅರ್ಧ ಜಾಗ ಹಿಡಿದುಕೊಂಡು ಕೂರುವುದುಂಟು. ಯುಪಿಎಸ್ ಇಲ್ಲದ ಕಚೇರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂಕದ ಕಾಟಾ ಇರುವ ಮಿಲ್ಲುಗಳಿಗೆ ಇನ್ನೊಂದು ಮಾತು. ಲಾರಿಯೊಂದಕ್ಕೆ ಒಂದರಂತೆ ತೂಕದ ಚೀಟಿ, ಅದರ ಜೊತೆಗೆ ಕ್ಯಾಮೆರಾದ ಚಿತ್ರ ಹೀಗೆ ಸಣ್ಣ ಸಣ್ಣ ಫೈಲುಗಳು ಸುಗ್ಗಿಯಲ್ಲಿ ರಾಶಿ ಬೀಳುತ್ತವೆ. ಎಕ್ಸ್‌ಟರ್ನಲ್ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ, ಅಂದರೆ ಫೈಲು ಇಡಲು ಹಾಗೆ ಅಣಿಗೊಂಡಿದ್ದರೆ, ವಿಂಡೋಸ್ ಅಲ್ಲಿ ಸಾಮಾನ್ಯವಾಗಿ ಪ್ರತಿ ಫೈಲಿಗೂ ಕನಿಷ್ಠ 128 ಕೆಬಿ ಜಾಗ ಕಾಯ್ದಿರಿಸುತ್ತದೆ. 10 ಕೆಬಿಯ ಚೀಟಿ ಒಂದು ಲಕ್ಷ ಇದ್ದರೆ ಅವುಗಳ ನಿಜವಾದ ಗಾತ್ರ 1 ಜಿಬಿ. ಡಿಸ್ಕಿನಲ್ಲಿ ಅವು ಹಿಡಿಯುವ ಜಾಗ ಸುಮಾರು 13 ಜಿಬಿ. ಫೋಲ್ಡರಿನ ಪ್ರಾಪರ್ಟೀಸ್ ತೆರೆದರೆ ‘ಸೈಜ್’ ಮತ್ತು ‘ಸೈಜ್ ಆನ್ ಡಿಸ್ಕ್’ ಎಂದು ಎರಡು ಅಂಕಿಗಳು ಕಾಣುತ್ತವೆ. ಅವುಗಳ ನಡುವೆ ಇಷ್ಟು ಅಂತರ ಕಂಡರೆ ಕಾರಣ ಇದೇ. ಎನ್‌ಟಿಎಫ್‌ಎಸ್ ವಿಧಾನದಲ್ಲಿ ಆ ಕನಿಷ್ಠ ಜಾಗ ಸಾಮಾನ್ಯವಾಗಿ 4 ಕೆಬಿ ಮಾತ್ರ. ಆದರೆ ಫಾರ್ಮ್ಯಾಟ್ ಬದಲಿಸಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗುವುದರಿಂದ, ಒಳಗಿರುವುದನ್ನು ಮೊದಲು ಬೇರೆಡೆ ಇಟ್ಟುಕೊಂಡೇ ಮುಂದುವರಿಯಬೇಕು.

ಬಳ್ಳಾರಿಯ ಕೆಲವು ಫೋಟೊ ಸ್ಟುಡಿಯೊಗಳಲ್ಲಿರುವಂತೆ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. 2007ರಲ್ಲಿ ಬಂದ ಟೈಮ್ ಮೆಷಿನ್ ಎಂಬ ಅದರ ಬ್ಯಾಕಪ್ ವ್ಯವಸ್ಥೆ ಕಳೆದ 24 ತಾಸಿನದನ್ನು ತಾಸಿಗೊಂದರಂತೆ, ಕಳೆದ ತಿಂಗಳಿನದನ್ನು ದಿನಕ್ಕೊಂದರಂತೆ, ಅದಕ್ಕೂ ಹಿಂದಿನದನ್ನು ವಾರಕ್ಕೊಂದರಂತೆ ಇಟ್ಟುಕೊಂಡು, ಡಿಸ್ಕ್ ತುಂಬಿದಾಗ ಅತಿ ಹಳೆಯದನ್ನು ತಾನೇ ಅಳಿಸುತ್ತದೆ. ಹಾಗಾಗಿ ಜಾಗವಿಲ್ಲ ಎಂಬ ದೂರು ಅಲ್ಲಿ ಕಡಿಮೆ. ಆದರೆ ಮ್ಯಾಕಿನೊಳಗೆ ಟ್ಯಾಲಿಗಾಗಿಯೇ ವಿಂಡೋಸ್ ಹಾಕಿಸಿಕೊಂಡಿದ್ದರೆ ಆ ಇಡೀ ವಿಂಡೋಸ್ ಸಾಮಾನ್ಯವಾಗಿ ಹತ್ತಾರು ಜಿಬಿಯ ದೈತ್ಯ ಫೈಲಾಗಿ ಕೂತಿರುತ್ತದೆ. ಅದನ್ನು ಒಮ್ಮೆ ತೆರೆದು ಮುಚ್ಚಿದರೂ ಆ ಫೈಲು ಬದಲಾದಂತೆಯೇ. ಅದು ಜಾಗ ತಿನ್ನುತ್ತಾ ಹೋದಂತೆ, ಮ್ಯಾಕಿನಿಂದ ಅಳಿಸಿಬಿಟ್ಟಿರುವ ಆರು ತಿಂಗಳ ಹಿಂದಿನ ಮದುವೆ ಆಲ್ಬಮ್ಮಿನ ನಕಲು ಸದ್ದಿಲ್ಲದೆ ಕಣ್ಮರೆಯಾಗುತ್ತದೆ. ಅಂಥ ಫೈಲನ್ನು ಟೈಮ್ ಮೆಷಿನ್ ಆಯ್ಕೆಗಳಲ್ಲಿ ಹೊರಗಿಟ್ಟು, ಅದರೊಳಗಿನ ಟ್ಯಾಲಿ ಲೆಕ್ಕವನ್ನು ಬೇರೆಯಾಗಿ ನಕಲು ಮಾಡಿಕೊಳ್ಳಬೇಕು.

ಯಾವ ಕಂಪ್ಯೂಟರೇ ಆಗಲಿ, ಪರೀಕ್ಷೆಯ ದಾರಿ ಒಂದೇ. ಬ್ಯಾಕಪ್‌ಗೆ ಮುಂಚೆ ಡಿಸ್ಕಿನಲ್ಲಿ ಖಾಲಿ ಇರುವ ಜಾಗವನ್ನು ಬರೆದಿಟ್ಟುಕೊಳ್ಳಬೇಕು, ಮುಗಿದ ಮೇಲೆ ಮತ್ತೆ ಬರೆದುಕೊಳ್ಳಬೇಕು, ನಂತರ ಆ ಸರದಿಯಲ್ಲಿ ಹೋದ ಫೈಲುಗಳಲ್ಲಿ ದೊಡ್ಡವು ಯಾವುವೆಂದು ನೋಡಬೇಕು. ವಿಂಡೋಸ್‌ನಲ್ಲಿ ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತ ಸಾಫ್ಟ್‌ವೇರ್ ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಚಿತ್ರದಲ್ಲೇ ತೋರಿಸುತ್ತದೆ. ನೂರಾರು ಸಣ್ಣ ಫೈಲುಗಳ ಹಿಂದೆ ಬೀಳದೆ, ಮೊದಲ ಐದಾರು ದೊಡ್ಡವನ್ನು ಹಿಡಿದರೆ ಹೆಚ್ಚಿನ ಕಡೆ ಅಲ್ಲಿಗೇ ಉತ್ತರ ಸಿಗುತ್ತದೆ.

ಕಾರಣ ಸಿಕ್ಕಿತೆಂದು ಡಿಸ್ಕಿನೊಳಗೆ ಕೈಹಾಕಿ ಸಿಕ್ಕಿದ್ದನ್ನು ಅಳಿಸುವುದು ಸರಿಯಲ್ಲ. ಕೆಲವು ಸಾಫ್ಟ್‌ವೇರುಗಳಲ್ಲಿ ಮೊದಲು ಒಂದು ಪೂರ್ಣ ಬ್ಯಾಕಪ್, ಆಮೇಲಿನವು ಅದರ ಮೇಲಿನ ಬದಲಾವಣೆಗಳು ಮಾತ್ರ. ಹಳೆಯದೆಂದು ಮೊದಲನೆಯದನ್ನು ಅಳಿಸಿದರೆ ಮುಂದಿನವು ಯಾವುದಕ್ಕೂ ಬಾರವು. ಫೈಲ್ ಹಿಸ್ಟರಿಯಲ್ಲಾದರೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಹಳೆಯ ಆವೃತ್ತಿಗಳನ್ನು ತೆಗೆಯುವ ಸೌಲಭ್ಯವೇ ಇದೆ. ಶಾಶ್ವತ ಎಂದಿರುವುದನ್ನು ಮೂರು ತಿಂಗಳು, ಆರು ತಿಂಗಳು ಅಥವಾ ಒಂದು ವರ್ಷಕ್ಕೆ ಇಳಿಸಲೂ ಅಲ್ಲಿಯೇ ಬರುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ನಿಧಾನ ಸಲ್ಲದು. ದಿನವೂ ಒಂದೆರಡು ಜಿಬಿ ಆಗುತ್ತಿದ್ದ ಬ್ಯಾಕಪ್ ಯಾವ ಕಾರಣವೂ ಇಲ್ಲದೆ ಒಂದೇ ದಿನ ಇಡೀ ಕಂಪ್ಯೂಟರಿನಷ್ಟು ದೊಡ್ಡದಾದರೆ, ಎಲ್ಲ ಫೈಲುಗಳೂ ಒಟ್ಟಿಗೆ ಬದಲಾಗಿವೆ ಎಂದರ್ಥ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈನಂಥ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರು ಹೊಕ್ಕಾಗಲೂ ಹೀಗೇ ಆಗುತ್ತದೆ. ಡಿಸ್ಕನ್ನು ತಕ್ಷಣ ಕಳಚಿ, ಯಾವುದಾದರೂ ಎರಡು ಫೈಲು ತೆರೆಯುತ್ತವೆಯೇ ಎಂದು ನೋಡಿದ ಮೇಲೆಯೇ ಮುಂದಿನ ಮಾತು.

ಇಷ್ಟೆಲ್ಲ ತುಂಬಿಕೊಂಡ ಡಿಸ್ಕಿನಲ್ಲಿ ಟ್ಯಾಲಿಯ ಮೂಲ ಲೆಕ್ಕವೇ ಇಲ್ಲದಿರುವುದನ್ನೂ ಕಂಡಿದ್ದೇನೆ. ಫೈಲ್ ಹಿಸ್ಟರಿ ತಾನಾಗಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಮುಂತಾದ ಫೋಲ್ಡರುಗಳನ್ನು. ಮದುವೆಯ ವಿಡಿಯೊ ಮತ್ತು ವಾಟ್ಸ್‌ಆ್ಯಪ್‌ನಿಂದ ಇಳಿಸಿಕೊಂಡ ಶುಭೋದಯದ ಚಿತ್ರಗಳು ಅಲ್ಲಿರುತ್ತವೆ. ಟ್ಯಾಲಿಯ ಡೇಟಾ ಫೋಲ್ಡರ್ ಹಲವು ಕಂಪ್ಯೂಟರುಗಳಲ್ಲಿ ಅವುಗಳ ಹೊರಗೆ, ನೇರವಾಗಿ ಸಿ ಅಥವಾ ಡಿ ಡ್ರೈವಿನಲ್ಲಿರುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ನೋಟಿಸ್ ಬಂದ ದಿನ ಅಧಿಕಾರಿಗಳು ಕೇಳುವುದು ಆ ಲೆಕ್ಕವನ್ನು. ಮೇಲ್ ಪೆಟ್ಟಿಗೆಯ ನೂರು ಪ್ರತಿಗಳಿಂದ ಅಲ್ಲಿ ಏನೂ ಆಗುವುದಿಲ್ಲ.

ಆದ್ದರಿಂದ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಂಪ್ಯೂಟರ್ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟು. ಬ್ಯಾಕಪ್ ಹೊಂದಿಸಿಕೊಟ್ಟ ದಿನವೇ ಯಾವ ಯಾವ ಫೋಲ್ಡರ್ ಹೋಗುತ್ತದೆ, ಎಷ್ಟು ದಿನದ ನಕಲು ಉಳಿಯುತ್ತದೆ ಎಂಬ ಎರಡು ಸಾಲನ್ನು ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದುಕೊಡಬೇಕು. ಅಕ್ಕಿ ಗಿರಣಿ ಮಾಲೀಕರ ಮತ್ತು ವರ್ತಕರ ಸಂಘಗಳು ಜಿಎಸ್‌ಟಿ ಕುರಿತು ಸಭೆ ಕರೆದಾಗ ಅರ್ಧ ತಾಸನ್ನು ಇದಕ್ಕೆ ಮೀಸಲಿಟ್ಟು, ಯಾವುದಾದರೊಂದು ಮಿಲ್ಲಿನ ಡಿಸ್ಕನ್ನು ತಂದು, ಅದರಲ್ಲಿರುವ ಕಳೆದ ಮಾರ್ಚ್ 31ರ ಲೆಕ್ಕವನ್ನು ಬೇರೆ ಕಂಪ್ಯೂಟರಿನಲ್ಲಿ ಎಲ್ಲರೆದುರು ತೆರೆದು ತೋರಿಸುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲೆಕ್ಕಿಗ, ಗಂಗಾವತಿ, ಕೊಪ್ಪಳ ಜಿಲ್ಲೆ