ಫುಕುಶಿಮಾದಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹೊಸ ಮನೆಯ ವಿಳಾಸವನ್ನು ಕಳುಹಿಸಿ ಹತ್ತು ನಿಮಿಷವೂ ಆಗಿರಲಿಲ್ಲ, "ಇಡೀ ಜಪಾನಿನಲ್ಲಿ ನಿನಗೆ ಬೇರೆ ಊರೇ ಸಿಗಲಿಲ್ಲವೇ?" ಎಂಬ ನಿನ್ನ ಸಂದೇಶ ಬಂತು. ಅದರ ಬೆನ್ನಿಗೇ, ಅಲ್ಲಿಯ ಮೀನನ್ನು ಮುಟ್ಟಬಾರದು, ನೀರನ್ನು ಕುದಿಸಿಯೇ ಕುಡಿಯಬೇಕು ಎಂದು ನಿನ್ನ ಅಮ್ಮ ಹೇಳಿಸಿದ ಮಾತೂ ಬಂತು. ನೀರು ಕುದಿಸಿದರೆ ವಿಕಿರಣ ಹೋಗುವುದಿಲ್ಲವೆಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆದ್ದರಿಂದ ಫೋನಿನಲ್ಲಿ ನಕ್ಕು ಸುಮ್ಮನಾದೆ. ಈಗ ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ. ನಾನಿರುವ ಫುಕುಶಿಮಾ ನೀವು 2011ರಲ್ಲಿ ಅಣುಸ್ಥಾವರದ ದುರಂತವಾದಾಗ ಟಿ.ವಿ.ಯಲ್ಲಿ ನೋಡಿದ ಫುಕುಶಿಮಾ ಅಲ್ಲ. ಇದು ಒಸಾಕಾ ನಗರದೊಳಗಿನ ಒಂದು ವಾರ್ಡು; ಒಸಾಕಾ ಸ್ಟೇಷನ್ನಿನಲ್ಲಿ ಲೂಪ್ ಲೈನಿನ ರೈಲು ಹತ್ತಿದರೆ ಮುಂದಿನ ಸ್ಟೇಷನ್ನೇ ಫುಕುಶಿಮಾ. ಆ ಅಣುಸ್ಥಾವರಕ್ಕೂ ನನ್ನ ಅಡುಗೆಮನೆಗೂ ನೇರ ಗೆರೆಯಲ್ಲಿ ಸುಮಾರು 580 ಕಿ.ಮೀ. ದೂರ. ಮೀನಿನ ಮಾತಿಗೆ ಬಂದರೆ, ಒಸಾಕಾದ ಕೇಂದ್ರ ಸಗಟು ಮಾರುಕಟ್ಟೆ 1931ರಿಂದ ಇದೇ ವಾರ್ಡಿನಲ್ಲಿದೆ. ಕುಂದಾಪುರದವನೊಬ್ಬ ಅಂಥ ಜಾಗದಲ್ಲಿದ್ದು ಮೀನು ಬಿಡುವುದೆಂದರೆ ಅದೆಲ್ಲಿಯ ಮಾತು?

'ಫುಕು' ಎಂದರೆ ಭಾಗ್ಯ, 'ಶಿಮಾ' ಎಂದರೆ ದ್ವೀಪ. ದ್ವೀಪವೆಂದ ಕೂಡಲೇ ನೀನು ಕಡಲ ನಡುವಿನ ಗುಡ್ಡವನ್ನು ನೆನೆಯಬೇಡ. ನಮ್ಮ ಕುದ್ರುವನ್ನು ನೆನೆ. ಯೊದೊ ನದಿ ಕವಲೊಡೆದು ಸಮುದ್ರ ಸೇರುವ ಕಡೆ ಮಣ್ಣು ಮರಳು ನಿಂತು ಬೆಳೆದ ಕುದ್ರುಗಳ ಮೇಲೆಯೇ ಒಸಾಕಾದ ಈ ಭಾಗ ಎದ್ದಿದೆ. ನಮ್ಮ ಕನ್ನಡಕುದ್ರು, ಉಪ್ಪಿನಕುದ್ರುಗಳ ಹಾಗೆ ಇಲ್ಲಿಯ ಹೆಸರುಗಳ ಬಾಲದಲ್ಲಿಯೂ 'ಶಿಮಾ', 'ಜಿಮಾ' ಎಂದು ಅಂಟಿಕೊಂಡಿದೆ. ನೀರು ಕಾಣದಿದ್ದರೂ ಹೆಸರು ಮಾತ್ರ ಉಳಿದುಕೊಂಡಿದೆ.

ಈ ಕುದ್ರುವಿಗೆ ಮೊದಲಿದ್ದ ಹೆಸರು 'ಗಾಕಿಶಿಮಾ' ಎಂದು ಇಲ್ಲಿಯವರು ಕಥೆ ಹೇಳುತ್ತಾರೆ. 'ಗಾಕಿ' ಎಂಬುದು ನಮ್ಮ ಸಂಸ್ಕೃತದ 'ಪ್ರೇತ' ಶಬ್ದಕ್ಕೆ ಬೌದ್ಧ ಗ್ರಂಥಗಳ ಮೂಲಕ ಬಂದ ಅನುವಾದ: ಹಸಿವು ತೀರದೆ ಅಲೆಯುವ ಪ್ರೇತ. ಸುಗವಾರ ನೊ ಮಿಚಿಜಾನೆ ಎಂಬ ವಿದ್ವಾಂಸ ಮಂತ್ರಿ ಆಸ್ಥಾನದ ಒಳಸಂಚಿಗೆ ಸಿಲುಕಿ 901ರಲ್ಲಿ ದೂರದ ಕ್ಯೂಶೂ ದ್ವೀಪದ ದಾಜಾಯ್ಫುವಿಗೆ ಗಡೀಪಾರಾಗಿ ಹೋಗುವಾಗ ಇಲ್ಲಿ ತಂಗಿದನಂತೆ. ಊರಿನವರು ಮಾಡಿದ ಉಪಚಾರಕ್ಕೆ ಮನಸೋತು, ಇಷ್ಟು ಒಳ್ಳೆಯ ಜನರಿರುವ ಜಾಗಕ್ಕೆ ಪ್ರೇತದ ಹೆಸರೇಕೆಂದು ಅದನ್ನು ಭಾಗ್ಯದ್ವೀಪ ಮಾಡಿದನಂತೆ. ಆತ 903ರಲ್ಲಿ ದೇಶಾಂತರದಲ್ಲಿಯೇ ತೀರಿಕೊಂಡ. ಬಳಿಕ ತೆನ್‌ಜಿನ್ ಎಂಬ ವಿದ್ಯಾದೇವತೆಯಾದ. ನನ್ನ ಮನೆಯ ಹತ್ತಿರದ ತೆನ್‌ಜಿನ್ ಗುಡಿಯಲ್ಲಿ ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಮರದ ಚಿಕ್ಕ ಹಲಗೆಗಳ ಮೇಲೆ ತಾವು ಸೇರಬಯಸುವ ಕಾಲೇಜಿನ ಹೆಸರನ್ನು ಬರೆದು ನೇತುಹಾಕುತ್ತಾರೆ. ಗಾಳಿ ಬೀಸಿದಾಗ ಆ ಹಲಗೆಗಳೆಲ್ಲ ಒಂದಕ್ಕೊಂದು ತಗುಲಿ ಒಣ ತೆಂಗಿನ ಚಿಪ್ಪುಗಳಂತೆ ಸದ್ದು ಮಾಡುತ್ತವೆ.

ಹೀಗೆ ಒಂದು ಫುಕುಶಿಮಾ ಆಯಿತು. ಈ ಹೆಸರು ಜಪಾನಿನ ಉದ್ದಗಲಕ್ಕೂ ಹರಡಿದೆ, ನಮ್ಮಲ್ಲಿ ರಾಮಪುರ, ಹೊಸಹಳ್ಳಿಗಳು ಹರಡಿರುವಂತೆ. ಉತ್ತರದ ಹೊಕ್ಕಾಯ್ಡೊದಲ್ಲಿ ಫುಕುಶಿಮಾ ಎಂಬ ಸಣ್ಣ ಪಟ್ಟಣವಿದೆ. 1988ರಲ್ಲಿ ತೆರೆದ, 53.85 ಕಿ.ಮೀ. ಉದ್ದದ ಸೆಯ್ಕನ್ ಸುರಂಗವು ಸಮುದ್ರದಡಿಯಿಂದ ಬಂದು ಹೊಕ್ಕಾಯ್ಡೊದ ನೆಲವನ್ನು ಮುಟ್ಟುವುದು ಅಲ್ಲಿ. ಚಿಯೊನೊಯಾಮಾ ಮತ್ತು 31 ಪ್ರಶಸ್ತಿಗಳನ್ನು ಗೆದ್ದ ಚಿಯೊನೊಫುಜಿ ಎಂಬಿಬ್ಬರು ಸುಮೊ ಮಹಾಮಲ್ಲರು ಹುಟ್ಟಿದ್ದೂ ಅದೇ ಊರಿನಲ್ಲಿ. ನಾಗನೊದ ಬೆಟ್ಟಗಳ ನಡುವಿನ ಫುಕುಶಿಮಾದಲ್ಲಿ, ಶೋಗುನ್ ಎಂಬ ಸೇನಾಧಿಪತಿಗಳು ದೇಶವಾಳಿದ ಎದೊ ಕಾಲದ ದೊಡ್ಡ ಹೆದ್ದಾರಿಯೊಂದರ ತಪಾಸಣೆಯ ಗೇಟಿತ್ತು. ರೈಲಿನವರು ಗೊಂದಲ ಬೇಡವೆಂದು ಕಣಿವೆಯ ಹೆಸರನ್ನು ಮುಂದಿಟ್ಟು ಅದನ್ನು ಕಿಸೊ-ಫುಕುಶಿಮಾ ಮಾಡಿದ್ದಾರೆ. ನಮ್ಮ ಮನೆಯ ಬಳಿಯೇ ಫುಕುಶಿಮಾ ಎಂಬ ಹೆಸರಿನ ಎರಡು ಸ್ಟೇಷನ್ನುಗಳೂ ಹೊಸ ಫುಕುಶಿಮಾ ಎಂಬರ್ಥದ 'ಶಿನ್-ಫುಕುಶಿಮಾ' ಎಂಬ ಮೂರನೆಯದೂ ಇವೆ. ಮೊದಲ ವಾರದಲ್ಲಿ ಸಹೋದ್ಯೋಗಿಯೊಬ್ಬನಿಗೆ "ಸ್ಟೇಷನ್ ಎದುರು ನಿಂತಿರುತ್ತೇನೆ" ಎಂದು ಹೇಳಿ, ನಾನು ಒಂದರ ಎದುರು, ಅವನು ಇನ್ನೊಂದರ ಎದುರು ಅರ್ಧ ಗಂಟೆ ನಿಂತದ್ದಾಯಿತು.

ದಕ್ಷಿಣದ ಕ್ಯೂಶೂ ದ್ವೀಪದ ಯಾಮೆ ಎಂಬಲ್ಲಿಯೂ ಬಿಳಿಗಾರೆಯ ಗೋಡೆಗಳ ಒಂದು ಹಳೆಯ ಫುಕುಶಿಮಾ ಪೇಟೆ ಇದೆ. ಮನೆಯಲ್ಲಿಡುವ ಬೌದ್ಧ ಪೂಜಾಮಂಟಪ, ಕಾಗದದ ಲಾಂದ್ರಗಳ ಕಸುಬಿನ ಊರದು. ನಾನು ಕಂಡ ಫುಕುಶಿಮಾಗಳಲ್ಲಿ ನಿನಗೆ ತೋರಿಸಬೇಕೆನಿಸಿದ್ದು ಇದೊಂದೇ. ಸೆಪ್ಟೆಂಬರಿನಲ್ಲಿ ಅಲ್ಲಿಯ ಹಾಚಿಮಾನ್ ಗುಡಿಯ ಅಂಗಳದಲ್ಲಿ ಒಂದೇ ಒಂದು ಮೊಳೆಯನ್ನೂ ಹೊಡೆಯದೆ ಅಂತಸ್ತುಗಳ ರಂಗಮಂಟಪವೊಂದನ್ನು ಕಟ್ಟಿ ಬೊಂಬೆಯಾಟ ಆಡಿಸುತ್ತಾರೆ. ಆಟ ಮುಗಿದ ಮೇಲೆ ಬಿಚ್ಚಿ ಎತ್ತಿಡುತ್ತಾರೆ. ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಬೊಂಬೆಗಳು ಮೇಲಿನಿಂದ ಇಳಿಬಿಟ್ಟ ಸೂತ್ರದಲ್ಲಿ ಕುಣಿಯುವುದನ್ನು ನಾವಿಬ್ಬರೂ ಎಳವೆಯಲ್ಲಿ ನೋಡಿದವರಲ್ಲವೇ? ಇಲ್ಲಿಯವರು ಮೇಲಿನಿಂದ ಆಡಿಸುವುದಿಲ್ಲ. ರಂಗದ ಎರಡೂ ಬದಿಗಳಲ್ಲಿ ಮರೆಯಾಗಿ ನಿಂತು ಉದ್ದದ ಕೋಲುಗಳನ್ನು ಅಡ್ಡಕ್ಕೆ ತೂರಿಸಿ, ಕೆಳಗಿನಿಂದಲೂ ದಾರ ಎಳೆದು ಆಡಿಸುತ್ತಾರೆ. ಬೊಂಬೆ ತಲೆಯನ್ನು ಓರೆ ಮಾಡಿ ಬೀಸಣಿಗೆ ತೆರೆದಾಗ ಪಕ್ಕದ ಅಜ್ಜಿಯೊಬ್ಬರು ನಮ್ಮವರಂತೆಯೇ ನಾಲಗೆ ಲೊಟಕಿಸಿದರು. ಕುದ್ರು ಎಂಬ ಹೆಸರಿಗೂ ಬೊಂಬೆಗೂ ಏನೋ ನಂಟಿದೆ ಎಂದು ಆ ಕ್ಷಣ ಅನ್ನಿಸಿದ್ದು ನಿಜ. ಅದರಲ್ಲಿ ಹುರುಳೇನಿಲ್ಲವೆಂಬುದೂ ಗೊತ್ತು.

ಊರುಗಳ ಮಾತು ಸಾಕು. ಈ ಹೆಸರಿನ ಮನುಷ್ಯರ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಫುಕುಶಿಮಾ ಮಾಸನೋರಿ ಎಂಬ ಸೇನಾಪತಿಯೊಬ್ಬನಿದ್ದ. 1583ರ ಶಿಜುಗತಾಕೆ ಯುದ್ಧದಲ್ಲಿ ಹೆಸರು ಮಾಡಿದ 'ಏಳು ಭರ್ಜಿ'ಗಳಲ್ಲಿ ಒಬ್ಬ. ಶೂರ, ಮುಂಗೋಪಿ, ಮಹಾ ಕುಡುಕ. ತನ್ನ ಒಡೆಯ ಹಿದೆಯೋಶಿ ಕೊಟ್ಟ, ಮೂರು ಮೀಟರಿಗೂ ಉದ್ದದ ಹೆಸರಾಂತ ಭರ್ಜಿಯೊಂದು ಅವನ ಬಳಿಯಿತ್ತು. ಕುರೊದಾ ಮನೆತನದ ದೂತನಾಗಿ ಬಂದ ಮೋರಿ ತಾಹೇ ಎಂಬುವನಿಗೆ, ಬೋಗುಣಿಯಷ್ಟು ದೊಡ್ಡ ಬಟ್ಟಲಿನಲ್ಲಿ ಮದ್ಯ ತುಂಬಿ ಕೊಟ್ಟು, ಇದನ್ನು ಬರಿದು ಮಾಡಿದರೆ ಕೇಳಿದ್ದು ಕೊಡುತ್ತೇನೆ ಎಂದನಂತೆ. ಕುಡಿಯಬಾರದೆಂದು ಒಡೆಯನ ಅಪ್ಪಣೆ ಪಡೆದು ಬಂದಿದ್ದ ತಾಹೇ ಒಲ್ಲೆನೆಂದ. ಕುರೊದಾದವರಿಗೆ ಕುಡಿಯಲು ಎದೆಯಿಲ್ಲವೆಂದು ಮಾಸನೋರಿ ಹಂಗಿಸಿದ. ತಾಹೇ ಬಟ್ಟಲೆತ್ತಿ ಗಟಗಟನೆ ಕುಡಿದು, ಮತ್ತೆ ಮತ್ತೆ ತುಂಬಿಸಿಕೊಂಡು ಕುಡಿದು, ಕೊನೆಗೆ ಆ ಭರ್ಜಿಯನ್ನೇ ಕೇಳಿದ. ಕೊಟ್ಟ ಮಾತು, ಕೊಡಲೇಬೇಕಾಯಿತು. ಭರ್ಜಿ ಇಂದು ಫುಕುವೊಕಾ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಕೈಯಲ್ಲಿ ಭರ್ಜಿ, ಇನ್ನೊಂದರಲ್ಲಿ ಬಟ್ಟಲು ಹಿಡಿದ ತಾಹೇಯ ಪ್ರತಿಮೆ ಅದೇ ನಗರದ ಹಕಾತಾ ಸ್ಟೇಷನ್ನಿನ ಮುಂದಿದೆ. ಸೋತವನ ಪ್ರತಿಮೆಯನ್ನು ಅಲ್ಲಿ ಯಾರು ನಿಲ್ಲಿಸುತ್ತಾರೆ?

ಮಾಸನೋರಿಯ ಬಾಳನ್ನು ಬರಿಯ ಹೆಸರುಗಳಲ್ಲಿ ಓದಿದರೂ ಸಾಕು. 1600ರ ಸೆಕಿಗಹರಾ ಯುದ್ಧದಲ್ಲಿ, ಮುಂದೆ ಶೋಗುನ್ ಆದ ಇಯೆಯಾಸುವಿನ ಪಕ್ಷ ಹಿಡಿದದ್ದಕ್ಕೆ ಅವನಿಗೆ ಹಿರೊಶಿಮಾ ದೊರೆಯಿತು. ಭಾಗ್ಯದ್ವೀಪ ಎಂಬ ಹೆಸರಿನವನು ವಿಶಾಲದ್ವೀಪ ಎಂಬ ಹೆಸರಿನ ಕೋಟೆಗೆ ಒಡೆಯನಾದ. ಅದೂ ನದಿ ಕವಲೊಡೆದ ಕುದ್ರುಗಳ ಊರೇ. ಪ್ರವಾಹ ಬಂದು ಕೋಟೆಗೆ ಹಾನಿಯಾಯಿತು. ಶೋಗುನರ ಅನುಮತಿ ಇಲ್ಲದೆ ಯಾವ ಕೋಟೆಯನ್ನೂ ದುರಸ್ತಿ ಮಾಡಬಾರದೆಂಬ ಕಾನೂನು ಆಗ ಜಾರಿಯಲ್ಲಿತ್ತು. ಸರಿಯಾದ ಅನುಮತಿ ಇಲ್ಲದೆ ಗೋಡೆ ಎತ್ತಿಸಿದ್ದಕ್ಕೆ 1619ರಲ್ಲಿ ಹಿರೊಶಿಮಾವನ್ನು ಕಿತ್ತುಕೊಂಡು ಅವನನ್ನು ಸಣ್ಣ ಜಹಗೀರಿಗೆ ಅಟ್ಟಿದರು. ಅದಿದ್ದದ್ದು ಕವನಕಜಿಮಾ ಪ್ರದೇಶದಲ್ಲಿ, ಅಂದರೆ 'ನದಿ ನಡುವಿನ ದ್ವೀಪ'. ಅಲ್ಲಿಯೇ 1624ರಲ್ಲಿ ಸತ್ತ. ಸರ್ಕಾರದ ಪರಿಶೀಲಕ ಬರುವ ಮುನ್ನವೇ ಮನೆಯವರು ಹೆಣ ಸುಟ್ಟುಬಿಟ್ಟರೆಂಬ ಕಾರಣಕ್ಕೆ ಉಳಿದಿದ್ದ ಭೂಮಿಯನ್ನೂ ಕಳೆದುಕೊಂಡರು. ತಾಲೂಕು ಕಚೇರಿಯ ಕಾಗದಪತ್ರಗಳಿಗೆ ಅಲೆದಲೆದು ಸವೆದ ನಿನಗೆ ಅವನ ಸಂಕಟ ನನಗಿಂತ ಚೆನ್ನಾಗಿ ಅರ್ಥವಾದೀತು.

ಇನ್ನೊಬ್ಬ ಫುಕುಶಿಮಾ ಯಾಸುಮಾಸಾ. ಬರ್ಲಿನ್ನಿನಲ್ಲಿದ್ದ ಸೇನಾಧಿಕಾರಿ 1892ರಲ್ಲಿ ಒಬ್ಬನೇ ಕುದುರೆಯೇರಿ ಹೊರಟು ಸೈಬೀರಿಯಾ ದಾಟಿ ಮರುವರ್ಷ ವ್ಲಾದಿವೊಸ್ತೊಕ್ ಸೇರಿದ. ನಮ್ಮ ಕಾಲದ ರಾಜಕಾರಣಿ ಫುಕುಶಿಮಾ ಮಿಜುಹೊ ಅವರದು ಬೇರೆಯೇ ಬಗೆಯ ಕಾಕತಾಳೀಯ: ಹುಟ್ಟಿದ್ದು ಕ್ಯೂಶೂವಿನ ಮಿಯಜಾಕಿ ಪ್ರಾಂತದಲ್ಲಿ, ವಿರೋಧಿಸುತ್ತ ಬಂದದ್ದು ಅಣುವಿದ್ಯುತ್ತನ್ನು, ಹೊತ್ತ ಮನೆತನದ ಹೆಸರು ಫುಕುಶಿಮಾ.

ಈಗ ನೀನು ಕೇಳುವ ಫುಕುಶಿಮಾಕ್ಕೆ ಬರುತ್ತೇನೆ. ಫುಕುಶಿಮಾ ನಗರದ ಹೆಸರು ಅಲ್ಲಿಯ ಕೋಟೆಯಿಂದ ಬಂದದ್ದು. ಸಮುದ್ರದಿಂದ ದೂರದ ಆ ಬಯಲಿಗೆ 'ದ್ವೀಪ' ಎಲ್ಲಿಂದ ಬಂತೆಂದು ಕೇಳಿದರೆ ಅವರಲ್ಲೊಂದು ಕಥೆಯಿದೆ: ಹಿಂದೆ ಬಯಲೆಲ್ಲ ಕೆರೆಯಾಗಿತ್ತು, ನಡುವಿನ ಶಿನೊಬು ಗುಡ್ಡ ದ್ವೀಪವಾಗಿತ್ತು, ಅಜುಮಾ ಬೆಟ್ಟದ ಗಾಳಿ ಅದರ ಮೇಲೆ ಬೀಸುತ್ತಿತ್ತು. ಜಪಾನಿ ಭಾಷೆಯಲ್ಲಿ ಬೀಸುವುದಕ್ಕೂ 'ಫುಕು' ಎಂದೇ ಹೇಳುತ್ತಾರೆ. ಗಾಳಿ ಬೀಸುವ ದ್ವೀಪ ಬರುಬರುತ್ತ ಭಾಗ್ಯದ ದ್ವೀಪವಾಯಿತಂತೆ. 1876ರಲ್ಲಿ ಸುತ್ತಲಿನ ಜಿಲ್ಲೆಗಳನ್ನು ಕೂಡಿಸಿ ಒಂದು ಪ್ರಾಂತ ಮಾಡಿದಾಗ ಅದಕ್ಕೂ ನಗರದ ಹೆಸರನ್ನೇ ಇಟ್ಟರು. 1971ರಲ್ಲಿ ಕರಾವಳಿಯ ಸ್ಥಾವರ ಕೆಲಸ ಆರಂಭಿಸಿದಾಗ ಅದಕ್ಕೆ ಪ್ರಾಂತದ ಹೆಸರನ್ನಿಟ್ಟರು. ನನ್ನ ತಕರಾರಿರುವುದು ಇಲ್ಲಿಯೇ. ಸ್ಥಾವರ ನಿಂತಿರುವುದು ಒಕುಮಾ ಮತ್ತು ಫುತಬಾ ಎಂಬೆರಡು ಸಣ್ಣ ಪಟ್ಟಣಗಳ ನೆಲದ ಮೇಲೆ. ಕೈಗಾ ಎಂಬ ಹಳ್ಳಿಯಲ್ಲಿ ಕಟ್ಟಿದ್ದಕ್ಕೆ ನಾವು ಕೈಗಾ ಎಂದೇ ಕರೆದೆವು. ಜಪಾನಿನಲ್ಲಿಯೂ ಒನಗಾವಾ, ತೋಕಾಯ್, ಹಮವೊಕಾ ಮುಂತಾದವು ಊರಿನ ಹೆಸರುಗಳೇ. ಆದರೆ ಇಲ್ಲಿ 13,784 ಚದರ ಕಿ.ಮೀ. ವಿಸ್ತಾರದ ಪ್ರಾಂತದ ಹೆಸರನ್ನು ಒಂದು ಬೇಲಿಯೊಳಗಿನ ಕಟ್ಟಡಗಳಿಗೆ ಕೊಟ್ಟುಬಿಟ್ಟರು. 2011ರ ಮಾರ್ಚ್ 11ರ ಭೂಕಂಪ, ಸುನಾಮಿಗಳ ಬಳಿಕ ಸ್ಥಾವರ ಹದಗೆಟ್ಟಾಗ ಪ್ರಾಂತವೆಲ್ಲ ಅದರ ಹೆಸರಿನಲ್ಲಿ ಸಿಕ್ಕಿಬಿತ್ತು. ಗಾಳಿ ವಿಕಿರಣವನ್ನು ವಾಯುವ್ಯಕ್ಕೆ, ಇತಾತೆ ಹಳ್ಳಿಯ ಕಡೆಗೆ ಒಯ್ದದ್ದು ನಿಜ; ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟದ್ದೂ ನಿಜ. ಆ ನೋವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಬೆಟ್ಟಗಳಾಚೆ, ಸ್ಥಾವರದಿಂದ ಸುಮಾರು ನೂರು ಕಿ.ಮೀ. ದೂರದ ಐಜು ಸೀಮೆಗೆ ಶಾಲಾ ಪ್ರವಾಸದ ಮಕ್ಕಳು ಬರುವುದು ಕಡಿಮೆಯಾಯಿತಲ್ಲ, ಅದಕ್ಕೆ ಗಾಳಿಗಿಂತ ಹೆಸರು ಹೆಚ್ಚು ಕಾರಣ.

ಲಿಪಿಯ ಒಂದು ಸೂಕ್ಷ್ಮವನ್ನೂ ಹೇಳಬೇಕು. ಜಪಾನಿನವರು ಊರಿನ ಹೆಸರನ್ನು ಸಾಮಾನ್ಯವಾಗಿ ಭಾಗ್ಯ ಮತ್ತು ದ್ವೀಪಗಳ ಚಿತ್ರಾಕ್ಷರಗಳಲ್ಲಿ ಬರೆಯುತ್ತಾರೆ. ದುರಂತದ ಬಳಿಕ ಅನೇಕರು ಅದನ್ನು ಹೆಚ್ಚಾಗಿ ಪರದೇಶದ ಶಬ್ದಗಳಿಗೆ ಬಳಸುವ ಕಟಕಾನ ಲಿಪಿಯಲ್ಲಿ ಬರೆಯತೊಡಗಿದರು. ಬಾಂಬಿನ ಹಿರೊಶಿಮಾವನ್ನು ಹಾಗೆ ಬರೆಯುವ ರೂಢಿ ಮೊದಲೇ ಇತ್ತು. ಹಾಗೆ ಬರೆದರೆ ಹೆಸರಿನೊಳಗಿನ ಭಾಗ್ಯವೂ ದ್ವೀಪವೂ ಕಾಣೆಯಾಗಿ ಬರಿಯ ಸದ್ದು ಉಳಿಯುತ್ತದೆ. ಅಲ್ಲಿಯವರಲ್ಲಿ ಹಲವರಿಗೆ ಇದು ಹಿಡಿಸುವುದಿಲ್ಲ. ಹುಟ್ಟಿದ ಊರನ್ನು ಅಪಘಾತದ ಗುರುತಾಗಿ ಓದಿಸಿಕೊಳ್ಳುವುದು ಯಾರಿಗೆ ಬೇಕು? ಕನ್ನಡದಲ್ಲಿ ನಮಗೆ ಅಂಥ ಸೌಕರ್ಯವೂ ಇಲ್ಲ, ಅಪಾಯವೂ ಇಲ್ಲ. ಎಲ್ಲ ಫುಕುಶಿಮಾಗಳೂ ಒಂದೇ ನಾಲ್ಕಕ್ಷರಗಳಲ್ಲಿ ಮುಗಿಯುತ್ತವೆ. ನಿನ್ನ ಅಮ್ಮ ಬೆಚ್ಚಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ಹಪ್ಪಳದ ಪಾರ್ಸೆಲ್ ದಾರಿ ತಪ್ಪೀತೇ ಎಂದು ನೀನು ಕೇಳಿದ್ದೆ. ನನ್ನ ವಾರ್ಡಿನ ಪಿನ್ 553ರಿಂದ ಆರಂಭವಾಗುತ್ತದೆ, ಆ ನಗರದ್ದು 960ರಿಂದ. ಅಂಕಿಗಳನ್ನು ದಪ್ಪಗೆ ಬರೆದು, ಕೆಳಗೆ ಒಸಾಕಾ ಎಂದು ಕಾಣಿಸು, ಸಾಕು. ಹಲಸಿನ ಹಪ್ಪಳವಾದರೆ ಎರಡು ಕಟ್ಟು ಇರಲಿ. ಮಾರುಕಟ್ಟೆಯಿಂದ ಬಂಗುಡೆ ತಂದ ದಿನ ಸಾರಿನ ಜೊತೆಗೆ ಬೇಕಾಗುತ್ತದೆ. ಇದನ್ನು ಅಮ್ಮನಿಗೆ ಓದಿ ಹೇಳುವಾಗ ಆ ಬಂಗುಡೆಯ ವಾಕ್ಯವನ್ನು ಬಿಟ್ಟುಬಿಡು.

ನಿನ್ನ,
ಫುಕುಶಿಮಾವಾಸಿ ಗೆಳೆಯ